ಬಾಡಿ ಸಿಕ್ಕಿತೇ?

ಲಕ್ಷ್ಮೀನಾರಾಯಣನ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದುದು ತಾರಸಿಯ ಒಂದೇ ಮೂಲೆಯಲ್ಲಿ. ಅದೂ ಎಡಗಾಲನ್ನು ಹೂಕುಂಡದ ಅಂಚಿಗಿಟ್ಟು, ಕತ್ತನ್ನು ಹಿತ್ತಲ ಕೆರೆಯತ್ತ ಚಾಚಿ, ಗಂಟಲು ಹರಿಯುವಂತೆ ಕೂಗಿದರೆ ಮಾತ್ರ. ಆ ಭಂಗಿಯಲ್ಲಿ ಅವನು ಮೀನಿಗೆ ಭಾಷಣ ಮಾಡುವ ಕೊಕ್ಕರೆಯಂತೆ ಕಾಣುತ್ತಿದ್ದ. ಆ ಮೂಲೆಯಿಂದ ನಾಲ್ಕಡಿ ಆಚೆಗೆ ನೆರೆಮನೆಯ ಹಾರಾಧನ ಬಾಬುವಿನ ವರಾಂಡ. ಅಂದಿನ ಅನಾಹುತಕ್ಕೆಲ್ಲ ಮೂಲ ಆ ನಾಲ್ಕಡಿ.

"ಏನ್ರೀ ರಕ್ತಾಕ್ಷ!" ಹುಬ್ಬಳ್ಳಿಯಿಂದ ವಾರಪತ್ರಿಕೆಯ ಸಂಪಾದಕ ಅಣ್ಣಪ್ಪನವರ ದನಿ. ರಕ್ತಾಕ್ಷ ಎಂಬುದು ಲಕ್ಷ್ಮೀನಾರಾಯಣನ ಕಾವ್ಯನಾಮ. "ಹದಿಮೂರು ವಾರ ಆತು. ಪತ್ತೇದಾರಿ ಧಾರಾವಾಹಿ ಅಂತ ದೊಡ್ಡದಾಗಿ ಹಾಕೇವಿ. ನೀವು ನೋಡಿದ್ರ ಬರೇ ಮಂಜು, ಮೋಡ, ಕೆರಿ ಮ್ಯಾಲ ಬೆಳದಿಂಗಳು! ಒಂದರ ಬಾಡಿ ಬಿದ್ದದೇನ್ರಿ?"

"ಬಾಡಿ ಇನ್ನೂ ಸಿಕ್ಕಿಲ್ಲ ಸಾರ್!"

"ಇವತ್ತ ಸಂಜಿ ಐದರೊಳಗ ಬಾಡಿ ಫ್ಯಾಕ್ಸ್ ಆಗಬೇಕು. ಇಲ್ಲಂದ್ರ ಮುಂದಿನ ವಾರದಿಂದ ಆ ಪುಟಕ್ಕ ಅಡಗಿ ಅಂಕಣ. ಮತ್ತ ಕೇಳ್ರಿ, ಹಳೇ ಬಂಗಲೆ, ಮುದುಕಿ, ಬಾವಿ ಎಲ್ಲಾ ಸಾಕು. ಈಗ ಮನಿಮನ್ಯಾಗ ಸಾಫ್ಟ್‌ವೇರ್ ಹುಡುಗರದಾರ. ಬಾಡಿ ಅಂಥಾ ಕಡೆ ಬೀಳ್ಬೇಕು."

"ಆಗಲಿ ಸಾರ್! ಓಲ್ಡ್ ಬಾಡಿ ಬೇಡ! ನ್ಯೂ ಬಾಡಿ! ಸಾಲ್ಟ್ ಲೇಕ್, ಸೆಕ್ಟರ್ ಫೈವ್ ಕಡೆ! ಅರ್ಜೆಂಟ್!"

ವರಾಂಡದಲ್ಲಿ ಪೇಪರ್ ಓದುತ್ತಿದ್ದ ಹಾರಾಧನ ಬಾಬು ಪೇಪರನ್ನು ಮೆಲ್ಲಗೆ ನಾಲ್ಕು ಮಡಿಕೆ ಮಡಚಿದರು.

ಬಂಗಾಳಿಯಲ್ಲಿ ಬಾಡಿ ಎಂದರೆ ಮನೆ. ಇಪ್ಪತ್ತೊಂದು ವರ್ಷ ಕಲ್ಕತ್ತೆಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತನಾಗಿದ್ದ ಲಕ್ಷ್ಮೀನಾರಾಯಣನಿಗೆ ಇದು ಗೊತ್ತಿಲ್ಲದ್ದೇನಲ್ಲ. ಬಾಡಿಗೆ ಕೊಡುವುದರಿಂದಲೇ ಅದು ಬಾಡಿ ಎಂದು ಹೆಂಡತಿಯೊಡನೆ ತಮಾಷೆಯನ್ನೂ ಮಾಡಿದ್ದ. ಆದರೆ ಕತೆ ತಲೆಗೇರಿದ ದಿನ ಅವನ ಕಿವಿಗೆ ಹೆಣದ ಹೊರತು ಬೇರೆ ಅರ್ಥ ಹೊಳೆಯುತ್ತಿರಲಿಲ್ಲ. ಹೊಸಿಲು ಎಡವಿದರೆ ಕಾಲು ನೋಡಿಕೊಳ್ಳುತ್ತಿರಲಿಲ್ಲ. ಎಡವಿಸಿದವರು ಯಾರು ಎಂದು ಯೋಚಿಸುತ್ತಿದ್ದ.

ಅವನು ಬಾಡಿಗೆಗಿದ್ದ, ಜಾದವ್‌ಪುರದ ಗಲ್ಲಿಯ ಆ ಮುದಿ ಮನೆ ಕನಸಿಗೆಂದೇ ಕಟ್ಟಿಸಿದ ಹಾಗಿತ್ತು. ಹಸಿರು ಬಣ್ಣ ಸುಲಿದ ಕಿಟಕಿಗಳು. ಮಧ್ಯಾಹ್ನದ ಬಿಸಿಲು ಕೆರೆಗೆ ಬಿದ್ದು, ಅಲ್ಲಿಂದ ಪುಟಿದು, ತಾರಸಿ ಕೋಣೆಯ ಸೂರಿನ ಮೇಲೆ ನೀರಿನ ಬಲೆಯಂತೆ ತೂಗಾಡುತ್ತಿತ್ತು. ಆ ಬಲೆಯನ್ನೇ ನೋಡುತ್ತ ಲಕ್ಷ್ಮೀನಾರಾಯಣ ಹನ್ನೊಂದು ಕಾದಂಬರಿ ಬರೆದಿದ್ದ. "ನಿಮಗೆ ಕೊಲೆಗಳು ಎಲ್ಲಿ ಸಿಗುತ್ತವೆ ಸಾರ್?" ಎಂದು ಗದಗದಿಂದಲೋ ಗುಂಡ್ಲುಪೇಟೆಯಿಂದಲೋ ಓದುಗರು ಕಾಗದ ಬರೆದರೆ, "ನನ್ನ ಸೂರಿನಲ್ಲಿ" ಎಂದು ಉತ್ತರಿಸುತ್ತಿದ್ದ. ಮೈಸೂರಿಗೆ ವರ್ಗವಾಗುವ ಅವಕಾಶ ಎರಡು ಸಲ ಬಂದಾಗಲೂ ಬಿಟ್ಟದ್ದು ಈ ಸೂರಿಗಾಗಿಯೇ. ಬೇರೆಲ್ಲಿ ಕೂತರೂ ಅವನಿಗೆ ಒಂದು ಸಾಲು ಬರುತ್ತಿರಲಿಲ್ಲ.

ಅದು ಎರಡು ಸಾವಿರದ ಐದನೆಯ ಇಸವಿ. ಊರ ಪೂರ್ವದಲ್ಲಿ, ಸಾಲ್ಟ್ ಲೇಕ್ ಕಡೆ, ಗಾಜಿನ ಗೋಪುರಗಳು ಏಳುತ್ತಿದ್ದವು. ಗೋಪುರದಲ್ಲಿ ದುಡಿಯುವವರಿಗೆ ಮನೆ ಬೇಕು, ಮನೆಗೆ ನೆಲ ಬೇಕು. ಗದ್ದೆಗಳು ಒಂದೊಂದಾಗಿ ಸತ್ತವು, ಮೀನುಕೆರೆಗಳು ಮಣ್ಣಿನಡಿ ಹೂತುಹೋದವು. ಯಾವ ಠಾಣೆಯಲ್ಲೂ ಒಂದು ಕೆರೆ ಕಾಣೆಯಾಗಿದೆ ಎಂಬ ದೂರು ದಾಖಲಾಗಲಿಲ್ಲ. ಈ ಮನೆಯ ಮೇಲೂ ಟುಟುಲ್ ಸಾಹಾ ಎಂಬ ಬಿಲ್ಡರ್ ಎರಡು ವರ್ಷದಿಂದ ಕಣ್ಣಿಟ್ಟಿದ್ದ. ಪ್ರತಿ ತಿಂಗಳೂ ಸಂದೇಶವೆಂಬ ಬಂಗಾಳಿ ಮಿಠಾಯಿಯ ಡಬ್ಬಿಯೊಂದಿಗೆ ಬರುತ್ತಿದ್ದ. ಮನೆಯೊಡತಿ ನೀಹಾರಬಾಲಾ, ಎಂಬತ್ತು ದಾಟಿದ, ಗಲ್ಲಿಗೆಲ್ಲ ಚಿಕ್ಕಮ್ಮನಾದ ಮಾಸಿಮಾ, ಸಿಹಿಯನ್ನೆಲ್ಲ ತಿಂದು ಖಾಲಿ ಡಬ್ಬಿ ವಾಪಸು ಕೊಡುತ್ತಿದ್ದರು. "ನಮ್ಮ ಲೊಕ್ಖಿ ಇರುವ ತನಕ ಒಂದು ಇಟ್ಟಿಗೆಯನ್ನೂ ಮುಟ್ಟಬೇಡ," ಎನ್ನುತ್ತಿದ್ದರು. ಲಕ್ಷ್ಮೀನಾರಾಯಣ ಬಂಗಾಳಿ ನಾಲಿಗೆಯಲ್ಲಿ ಲೊಕ್ಖಿಯಾಗಿದ್ದ.

ಅವನು ರಜೆ ಹಾಕಿ ತಾರಸಿಯಿಂದ ಇಳಿಯುವಾಗ ಅಡಿಗೆಮನೆಯಿಂದ ಹೆಂಡತಿ ಇಂದುಮತಿಯ ದನಿ ಬಂತು. "ಹೆಣ ಹುಡುಕಕ್ಕೆ ರಜ ಹಾಕಿದೀರಂತೆ! ಸಿಲಿಂಡರ್ ಹುಡುಕಕ್ಕೆ ಹಾಕಿ ಅಂದ್ರೆ ಆಗಲ್ಲ. ಬರೋವಾಗ ಕೊತ್ತಂಬರಿ ತನ್ನಿ, ಅದನ್ನೂ ಕೊಲೆಗಾರನ ಕೈಲಿ ಕೊಟ್ಟು ಬರಬೇಡಿ!"

ಆಚೆ ವರಾಂಡದಲ್ಲಿ ಹಾರಾಧನ ಬಾಬು ಕಿಸಕ್ಕನೆ ನಕ್ಕರು. ಇಂದುಮತಿ ಗಂಡನನ್ನು ಬೈದಾಗಲೆಲ್ಲ ಅವರು ಸರಿಯಾದ ಜಾಗದಲ್ಲೇ ನಗುತ್ತಿದ್ದರು. ಪೇಪರಿನ ವ್ಯಂಗ್ಯಚಿತ್ರ ನೋಡಿ ನಗುತ್ತಾರೆಂದು ದಂಪತಿ ತಿಳಿದಿದ್ದರು.

ಗಲ್ಲಿಯಲ್ಲಿ ಪೂಜೆಯ ಪೆಂಡಾಲಿಗೆ ಬಿದಿರು ಕಟ್ಟುತ್ತಿದ್ದರು. ಹಿಂಜಿದ ಹತ್ತಿಯಂಥ ಮೋಡ. ಲಕ್ಷ್ಮೀನಾರಾಯಣ ಆ ಮೋಡದಲ್ಲೇ ಅರ್ಧ ನಡೆಯುತ್ತ ಚಹಾದಂಗಡಿಗೆ ಬಂದರೆ ಹಾರಾಧನ ಬಾಬು ಆಗಲೇ ಬೆಂಚಿನ ಮೇಲೆ ಕೂತಿದ್ದರು. ಸುತ್ತ ನಾಲ್ಕು ಜನ.

"ಏನು ಲೊಕ್ಖಿಬಾಬು," ಅಂಗಡಿಯವನು ಬಂಗಾಳಿಯಲ್ಲಿ ಕೇಳಿದ, "ಬಾಡಿ ಸಿಕ್ಕಿತೇ?"

ಲಕ್ಷ್ಮೀನಾರಾಯಣ ತಟ್ಟನೆ ಬೆಂಚಿನ ತುದಿಗೆ ಕೂತ. ಇಪ್ಪತ್ತೊಂದು ವರ್ಷದಲ್ಲಿ ಈ ಗಲ್ಲಿಯ ಒಂದು ನರಪಿಳ್ಳೆಯೂ ಅವನ ಬರವಣಿಗೆಯ ಬಗ್ಗೆ ಕೇಳಿರಲಿಲ್ಲ. ಇವತ್ತು ಕೇಳುತ್ತಿದ್ದಾರೆ! ಸುದ್ದಿ ಹೇಗೋ ಹಬ್ಬಿದೆ. ಅವನು ನಾಚಿ, "ಇನ್ನೂ ಇಲ್ಲ. ಸಂಜೆ ಐದರೊಳಗೆ ಬೇಕು," ಎಂದ.

"ಐದರೊಳಗೆ!" ಬೆಂಚು ಒಕ್ಕೊರಲಿನಿಂದ ಬೆರಗಾಯಿತು.

"ನನ್ನ ಷಡ್ಡಕನ ಬಾಡಿ ಡಮ್ ಡಮ್‌ನಲ್ಲಿ ಸುಮ್ಮನೆ ಬಿದ್ದಿದೆ," ಎಂದರು ಹಾರಾಧನ ಬಾಬು. "ಆರು ತಿಂಗಳಾಯಿತು. ಯಾರೂ ಆ ಕಡೆ ಹೋಗಿಲ್ಲ."

ಲಕ್ಷ್ಮೀನಾರಾಯಣ ಲೋಟ ಕೆಳಗಿಟ್ಟ. ಎಂಥ ಕಲ್ಪನೆ! "ವಾಸನೆ?"

"ಸ್ವಲ್ಪ ಇದೆ. ಸುಣ್ಣ ಹಾಕಿಸಿದರೆ ಎರಡು ದಿನದಲ್ಲಿ ಹೋಗುತ್ತದೆ."

ಸುಣ್ಣ! ಅವನಿಗೇ ಹೊಳೆದಿರಲಿಲ್ಲ. ಪುಟ್ಟ ನೋಟ್‌ಬುಕ್ಕು ತೆಗೆದ. "ಮುಖ ಯಾವ ಕಡೆ?"

"ದಕ್ಷಿಣಕ್ಕೆ. ಗಾಳಿ ಚೆನ್ನಾಗಿ ಹಾಯುತ್ತದೆ."

"ಹಿಂದೆ ಇದ್ದವರು ಅಲ್ಲಲ್ಲಿ ಮೊಳೆ ಹೊಡೆದಿದ್ದರಲ್ಲ?" ಎಂದು ಇನ್ನೊಬ್ಬ ಕೇಳಿದ.

"ಕಿತ್ತು ಮೆತ್ತಿದರೆ ಗೊತ್ತೇ ಆಗುವುದಿಲ್ಲ."

ಲಕ್ಷ್ಮೀನಾರಾಯಣ ಅದನ್ನೂ ಗೀಚಿಕೊಂಡ. ಮೀನು ತಿನ್ನುವ ಈ ಸಂಭಾವಿತರ ಹೊಟ್ಟೆಯಲ್ಲಿ ಇಷ್ಟು ಕ್ರೌರ್ಯವಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. "ಅಕ್ಕಪಕ್ಕದವರಿಗೆ ಸದ್ದು ಕೇಳಿಸಿದರೆ?"

"ತಲೆಯ ಮೇಲೇ ವಿಮಾನ ಇಳಿಯುತ್ತದಲ್ಲ. ನೀವು ಎಷ್ಟು ಕಿರುಚಿದರೂ ಯಾರಿಗೆ ಕೇಳಿಸುತ್ತದೆ?"

"ಅದ್ಭುತ!" ಎಂದು ಲಕ್ಷ್ಮೀನಾರಾಯಣ ಎದ್ದು ನಿಂತ. "ಸಿಕ್ಕಿತು! ಬಾಡಿ ಸಿಕ್ಕಿತು!" ಬೆಂಚು ಚಪ್ಪಾಳೆ ತಟ್ಟಿತು.

ಹಾರಾಧನ ಬಾಬು ಅವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದೊಯ್ದರು. ಜೇಬಿನಿಂದ ಮಡಚಿದ ಹಾಳೆಗಳನ್ನು ತೆಗೆದು, "ನಿಮ್ಮದೊಂದು ಆಟೋಗ್ರಾಫ್," ಎಂದರು.

ಜೀವನದ ಮೊದಲ ಆಟೋಗ್ರಾಫ್. ಲಕ್ಷ್ಮೀನಾರಾಯಣನ ಕಣ್ಣು ಮಂಜಾಯಿತು. ಹಾಳೆಯ ತುಂಬ ಬಂಗಾಳಿ ಅಕ್ಷರಗಳು. ಅವನಿಗೆ ಬಂಗಾಳಿ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಬಡಾವಣೆಯ ಲೈಬ್ರರಿಯ ಸನ್ಮಾನಪತ್ರವಿರಬೇಕು ಎಂದುಕೊಂಡು 'ರಕ್ತಾಕ್ಷ' ಎಂದು ಬರೆಯಹೊರಟ.

"ಬೇಡ ಬೇಡ, ನಿಜವಾದ ಹೆಸರು. ಪೂರ್ತಿ."

"ಪ್ರೀತಿಯಿಂದ ಎಂದು ಸೇರಿಸಲೇ?"

"ತಾರೀಖು ಸಾಕು. ಇನ್ನೂ ಎರಡು ಪ್ರತಿ ಇದೆ."

ಮೂರಕ್ಕೂ ಸಹಿ ಹಾಕಿ, ಕೊತ್ತಂಬರಿ ಮರೆತು, ಅವನು ಮನೆಗೆ ತೇಲಿಬಂದ. ಮೆಟ್ಟಿಲ ಬುಡದಲ್ಲಿ ಮಾಸಿಮಾ ನಿಂತಿದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಲೊಕ್ಖಿ, ನಿಜವೇನಪ್ಪಾ? ಬಾಡಿ ಸಿಕ್ಕಿತೇ?" ಎಂದರು.

"ಸಿಕ್ಕಿತು ಮಾಸಿಮಾ! ಡಮ್ ಡಮ್‌ನಲ್ಲಿ!"

"ನಿನಗೆ ಸಂತೋಷವೇ?"

"ಇಂಥ ಸಂತೋಷ ಹದಿಮೂರು ವಾರದಿಂದ ಇರಲಿಲ್ಲ!"

ಮಾಸಿಮಾ ಮತ್ತೆ ಸೆರಗನ್ನು ಕಣ್ಣಿಗೊತ್ತಿದರು. ತನ್ನ ಕತೆಗಾಗಿ ಇವರೂ ಅಳುತ್ತಿದ್ದಾರಲ್ಲ ಎಂದು ಲಕ್ಷ್ಮೀನಾರಾಯಣ ಅವರ ಕಾಲು ಮುಟ್ಟಿ ನಮಸ್ಕರಿಸಿ ಮೇಲೆ ಓಡಿದ.

ಆ ಮಧ್ಯಾಹ್ನ ಅವನು ಬರೆದದ್ದೇ ಬರೆದದ್ದು. ಸೂರಿನ ಮೇಲೆ ನೀರಿನ ಬಲೆ ತೂಗಿತು. ಬಲೆಯೊಳಗೆ ದಕ್ಷಿಣಕ್ಕೆ ಮುಖ ಮಾಡಿದ ಹೆಣ, ಅದರ ಮೇಲೆ ಹಿಮದಂತೆ ಉದುರುವ ಸುಣ್ಣ, ಮೇಲೊಂದು ಬೆಳ್ಳಿ ವಿಮಾನ. ಕೆಳಗೆಲ್ಲೋ ಟಕ್ ಟಕ್ ಎಂದು ಸದ್ದು. ಅದನ್ನೂ ಕತೆಗೆ ಸೇರಿಸಿಕೊಂಡ.

ನಾಲ್ಕೂವರೆಗೆ ಮಗಳು ಶ್ರೀರಕ್ಷಾ ಶಾಲೆಯ ಚೀಲದೊಂದಿಗೆ ಮೇಲೆ ಬಂದಳು. "ಅಪ್ಪಾ, ವಾಟ್ ಈಸ್ ದಿಸ್? ನಾವು ಶಿಫ್ಟ್ ಆಗ್ತಿದೀವಾ? ನಂಗೆ ಯಾರೂ ಹೇಳೇ ಇಲ್ಲ! ನೀಚೇ ಮಾಸಿಮಾ ಮನೇಲಿ ಟೇಪ್ ಹಿಡ್ಕೊಂಡು ಮೆಷರ್ ಮಾಡ್ತಿದಾರೆ. ಗಲ್ಲಿ ಫುಲ್ ಹೇಳ್ತಿದೆ, ಲೊಕ್ಖಿಬಾಬುಗೆ ಡಮ್ ಡಮ್‌ನಲ್ಲಿ ಬಾಡಿ ಸಿಕ್ತು ಅಂತ."

"ಹೌದು ಮರಿ, ಬಾಡಿ ಸಿಕ್ಕಿತು," ಎಂದ ಲಕ್ಷ್ಮೀನಾರಾಯಣ. ಎಂದವನ ಬಾಯಿ ತೆರೆದೇ ಉಳಿಯಿತು. ಬಾಡಿ. ಬಾಡಿ! ಸೂರಿನ ಮೇಲಿನ ಬಲೆ ಒಂದು ಸಲ ತೂಗಿ ನಿಂತಂತಾಯಿತು.

ಎರಡೆರಡು ಮೆಟ್ಟಿಲು ಹಾರಿ ಇಳಿದರೆ, ನಡುಮನೆಯಲ್ಲಿ ಟುಟುಲ್ ಸಾಹಾ ಸಂದೇಶದ ಡಬ್ಬಿ ಬಿಚ್ಚುತ್ತಿದ್ದ. ಅವನ ಆಳುಗಳು ಗೋಡೆ ಬಡಿದು ನೋಡುತ್ತಿದ್ದರು. ಟಕ್ ಟಕ್. ಮಾಸಿಮಾ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು.

"ಮಾಸಿಮಾ, ನಾನು ಹೇಳಿದ್ದು ಹೆಣ! ಕತೆಯ ಹೆಣ!"

"ಒಂದು ಗಂಟೆಯ ಹಿಂದೆ ಸಹಿ ಹಾಕಿಬಿಟ್ಟೆನಲ್ಲಪ್ಪಾ," ಎಂದರು ಮಾಸಿಮಾ, ತಿರುಗದೆ. "ನೀನೇ ಹೋಗುತ್ತೀಯಂತೆ, ಇನ್ನು ಯಾರಿಗಾಗಿ ಇಟ್ಟುಕೊಳ್ಳಲಿ? ನಿನ್ನ ಒಪ್ಪಿಗೆ ಪತ್ರವನ್ನೂ ತೋರಿಸಿದರು."

ಟುಟುಲ್ ಸಾಹಾ ವಿನಯದಿಂದ ಹಾಳೆ ಮುಂದೆ ಹಿಡಿದ. ಮನೆ ಖಾಲಿ ಮಾಡಲು ತನ್ನ ಅಡ್ಡಿಯಿಲ್ಲ ಎಂಬ ಬಾಡಿಗೆದಾರನ ಹೇಳಿಕೆ. ಮೂರು ಪ್ರತಿ. ಕೆಳಗೆ ಅವನ ಜೀವನದ ಮೊದಲ ಆಟೋಗ್ರಾಫ್.

ಹೊರಗೆ ಗೇಟಿನ ಬಳಿ ಹಾರಾಧನ ಬಾಬು ನಿಂತಿದ್ದರು. ಲಕ್ಷ್ಮೀನಾರಾಯಣ ಅವರತ್ತ ನುಗ್ಗಿ, ಉಕ್ಕಿದ ಸಿಟ್ಟಿಗೆ ಬಂಗಾಳಿ ಸಿಗದೆ, ಕನ್ನಡದಲ್ಲೇ ಕೂಗಿದ. "ನಾನು ಬಾಡಿ ಅಂದದ್ದು ಮನೆಗಲ್ಲ ಕಣ್ರೀ!"

"ಗೊತ್ತು ಶಾರ್," ಎಂದರು ಹಾರಾಧನ ಬಾಬು. ಕನ್ನಡದಲ್ಲಿ. ರಸಗುಲ್ಲದಷ್ಟು ಗುಂಡಗಿನ ಕನ್ನಡ. "ಹೆಣ ಅಂತ ಗೊತ್ತು. ಹನ್ನೊಂದು ವರ್ಷ ಭದ್ರಾವತೀಲಿ ಕೆಲಸ ಮಾಡಿದೀನಿ. ಬಸ್ಸಿನ ಬೋರ್ಡು ನೋಡ್ತಾ ಓದೋದೂ ಕಲಿತೆ."

ಲಕ್ಷ್ಮೀನಾರಾಯಣ ಗೇಟು ಹಿಡಿದುಕೊಂಡ.

"ನೀವು ರದ್ದಿಗೆ ಹಾಕೋ ವಾರಪತ್ರಿಕೆ ಇದೆಯಲ್ಲ, ಅದು ರದ್ದಿಗೆ ಹೋಗಲ್ಲ, ನಮ್ಮನೆಗೆ ಬರುತ್ತೆ. ನಿಮ್ಮ ಹಿಂದಿನ ಧಾರಾವಾಹೀಲಿ ಒಂಬತ್ತನೇ ಕಂತು... ಆ ಮ್ಯಾನೇಜರು ಆಟೋಗ್ರಾಫ್ ಅಂತ ನಟಿ ಕೈಲಿ ಉಯಿಲಿಗೆ ಶಹಿ ಹಾಕಿಸ್ತಾನಲ್ಲ. ಅಬ್ಬಬ್ಬಾ!"

"ಅದು ಇಷ್ಟವಾಯ್ತಾ?" ಎಂದು ಲಕ್ಷ್ಮೀನಾರಾಯಣ ಕೇಳಿಯೇಬಿಟ್ಟ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಜಾರಿತ್ತು.

"ಮೂರು ಸಲ ಓದಿದೆ. ನಿಮಗೆ ಕತೆ ಎಲ್ಲಿ ಸಿಗುತ್ತೆ ಅಂತ ಎಲ್ರೂ ಕೇಳ್ತಾರೆ. ನಮ್ಮಂಥೋರಿಗೆ ಎಲ್ಲಿ ಸಿಗುತ್ತೆ ಅಂತ ಯಾರೂ ಕೇಳಲ್ಲ." ಹಾರಾಧನ ಬಾಬು ಬಗ್ಗಿ ಮಂಡಿ ನೀವಿಕೊಂಡರು. "ಬೇಜಾರು ಮಾಡ್ಕೋಬೇಡಿ ಶಾರ್. ನನಗೆ ಮೆಟ್ಟಿಲು ಹತ್ತಕ್ಕಾಗಲ್ಲ. ಎರಡೂ ಮನೆ ಸೇರಿದರೆ ಮಾತ್ರ ಶಾಹಾ ಕಟ್ಟೋದು, ಆ ಹಾಳೆ ಅವನು ಯಾವತ್ತೋ ಕೊಟ್ಟಿದ್ದ. ಆಗ ನನಗೆ ಲಿಫ್ಟ್ ಇರೋ ಫ್ಲ್ಯಾಟು. ಒಂದು ಮಾತು. ನಿಮ್ಮ ಕತೇಲಿ ಕೊಲೆಗಾರ ಕೊನೇಲಿ ಯಾಕೆ ಶಿಕ್ಕಿಬೀಳ್ತಾನೆ? ಅದೊಂದು ಶಹಜವಾಗಿಲ್ಲ."

ಐದಕ್ಕೆ ಏಳು ನಿಮಿಷ. ಲಕ್ಷ್ಮೀನಾರಾಯಣ ತಾರಸಿ ಹತ್ತಿದ. ಬರೆದ ಹಾಳೆಗಳನ್ನು ಒಮ್ಮೆ ನೋಡಿ ಕೆಳಗಿಟ್ಟ. ಸುಣ್ಣ, ಮೊಳೆ, ವಿಮಾನ ಎಲ್ಲ ಸುಳ್ಳು ಅನ್ನಿಸಿತು. ನಿಜವಾದ ಕತೆ ಇವತ್ತು, ಹಾಡುಹಗಲಲ್ಲಿ, ಸಿಹಿ ಹಂಚಿಕೊಂಡು ನಡೆದುಹೋಗಿತ್ತು. ಕೆರೆಯ ಮೇಲೆ ಸಂಜೆಯ ಬಿಸಿಲು ಜೇನಿನಂತೆ ಹರಡಿತ್ತು. ಎಡಗಾಲನ್ನು ಹೂಕುಂಡಕ್ಕಿಟ್ಟು, ಕತ್ತು ಚಾಚಿ, ಹುಬ್ಬಳ್ಳಿಗೆ ಫೋನು ಹಚ್ಚಿದ.

"ಫ್ಯಾಕ್ಸ್ ಎಲ್ರೀ?" ಎಂದರು ಅಣ್ಣಪ್ಪ.

"ಹೊಸ ಕತೆ ಸಿಕ್ಕಿದೆ ಸಾರ್. ಒಂದು ಕೊಲೆ. ರಕ್ತವಿಲ್ಲ, ಚಾಕುವಿಲ್ಲ, ಒಂದೇ ಒಂದು ಮಾತಿನಿಂದ ಆಗುತ್ತೆ. ಕೊಲೆಗಾರರೆಲ್ಲ ಸಂಭಾವಿತರು, ಎಲ್ಲರ ಕೈಯಲ್ಲೂ ಸಿಹಿ. ಸತ್ತದ್ದು ಗೊತ್ತಾಗೋ ಹೊತ್ತಿಗೆ ಅಳತೆಯೂ ಮುಗಿದಿರುತ್ತೆ. ಪೊಲೀಸರಿಗೆ ದೂರು ಕೊಡೋ ಹಾಗೇ ಇಲ್ಲ. ಸಹಿ ನಮ್ಮದೇ."

"ಅದೆಲ್ಲ ಖರೆ, ಬಾಡಿ ಎಲ್ಲದರೀ? ಬಾಡಿ?"

ಲಕ್ಷ್ಮೀನಾರಾಯಣ ಕಾಲ ಕೆಳಗೆ ನೋಡಿದ.

"ಅದರ ಮೇಲೇ ನಿಂತಿದ್ದೀನಿ ಸಾರ್."

ಅತ್ತ ಕಡೆಯಿಂದ ಅಣ್ಣಪ್ಪನವರು ಗಾಬರಿಯಿಂದ ಕೂಗಿದ್ದು ನಾಲ್ಕಡಿ ಆಚೆಯ ವರಾಂಡಕ್ಕೂ ಕೇಳಿಸಿತು.

"ಅಯ್ಯ, ಮೊದಲ ಕೆಳಗ ಇಳೀರಿ ನೀವು! ಹೆಜ್ಜಿ ಗುರುತು ಮೂಡ್ತಾವ!"