ನಾಲ್ಕನೆಯ ಮಹಡಿಯ ಕೋರಂ

ಸಂಸತ್ತಿನ ಹಳೆಯ ಕಟ್ಟಡದ ಲಿಫ್ಟು ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ಬಾಯಿ ತೆರೆದುಕೊಂಡು ನಿಂತು ವರ್ಷ ದಾಟಿತ್ತು. ಅದನ್ನು ರಿಪೇರಿ ಮಾಡಿಸಬೇಕಾದರೆ ಕಟ್ಟಡ ಸಮಿತಿ ಸಭೆ ಸೇರಿ ಹೂಂ ಅನ್ನಬೇಕು. ಸಮಿತಿಯ ಕೋಣೆ ಇರುವುದು ನಾಲ್ಕನೆಯ ಮಹಡಿಯಲ್ಲಿ. ಲಿಫ್ಟಿಲ್ಲದೆ ಅಷ್ಟು ಮೆಟ್ಟಿಲು ಹತ್ತುವವರು ಯಾರು? ಐದು ಜನ ಸದಸ್ಯರು ಕೂಡದಿದ್ದರೆ ಕೋರಂ ಇಲ್ಲ, ಕೋರಂ ಇಲ್ಲದಿದ್ದರೆ ಸಭೆ ಇಲ್ಲ, ಸಭೆ ಇಲ್ಲದಿದ್ದರೆ ಲಿಫ್ಟಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆ ಕಟ್ಟಿದವನು ಈ ಕಟ್ಟಡದಲ್ಲೇ ನೌಕರಿ ಮಾಡಿದ್ದಿರಬೇಕು.

ಈ ಹುಚ್ಚಿನ ಭಾರವೆಲ್ಲ ಬಿದ್ದದ್ದು ಸಮಿತಿಯ ಅಟೆಂಡರನ ಬಲಗಾಲ ಮಂಡಿಯ ಮೇಲೆ. ಫೈಲು, ನೀರಿನ ಕ್ಯಾನು, ಕಾಫಿ ಫ್ಲಾಸ್ಕು, ಮೇಲಕ್ಕೆ ಹೋಗುವುದೆಲ್ಲ ಅವನ ಕೈಯಲ್ಲೇ. ಕಚೇರಿಯವರು ಅವನಿಗೆ ಲಿಫ್ಟಣ್ಣ ಎಂದು ಹೆಸರಿಟ್ಟು ನಕ್ಕಿದ್ದರು. ಡಾಕ್ಟರು ಮಾತ್ರ ನಗಲಿಲ್ಲ. "ಮೆಟ್ಟಿಲು ಬಿಡಿ, ಇಲ್ಲಾಂದ್ರೆ ಮಂಡಿ ಬಿಡಿ" ಎಂದರು. ಮೆಟ್ಟಿಲು ಬಿಟ್ಟರೆ ನೌಕರಿ ಬಿಟ್ಟಂತೆ. ಪೆನ್ಶನ್ನು ಇನ್ನೂ ದೂರವಿತ್ತು.

ಆ ಬೆಳಿಗ್ಗೆ ಹೆಂಡತಿ ಮಂಡಿಗೆ ಎಣ್ಣೆ ತಿಕ್ಕುತ್ತಾ ಕೇಳಿದಳು. "ಈವತ್ತೇ ಕೊನೇ ದಿನ ಅಂದ್ರಲ್ಲ, ಯಾಕೆ?"

"ನಾಳೆ ಬಜೆಟ್ ಮೇಲೆ ಸದನದಲ್ಲಿ ಓಟು ಕಣೇ. ಕಟ್ಟಡಕ್ಕೆ ಅಂತ ಇಟ್ಟಿರೋ ದುಡ್ಡಲ್ಲಿ ಲಿಫ್ಟಿಗೂ ಪಾಲು ಬೇಕಂದ್ರೆ ಸಮಿತಿ ತೀರ್ಮಾನ ಸಂಜೆಯೊಳಗೆ ಹಣಕಾಸು ಶಾಖೆಗೆ ಹೋಗ್ಬೇಕು. ತಪ್ಪಿದ್ರೆ ಮುಂದಿನ ವರ್ಷವೇ."

"ಮುಂದಿನ ವರ್ಷದ ತನಕ ಈ ಕಾಲು ಇರತ್ತಾ?"

"ಅದಕ್ಕೇ ಈವತ್ತು ಬಿಡಲ್ಲ. ಹೊತ್ಕೊಂಡು ಹೋಗಿಯಾದ್ರೂ ಐದು ಜನಾನ ಕೂರಿಸ್ತೀನಿ."

ಅಸ್ತು ದೇವತೆಗಳು ಎಲ್ಲೆಂದರಲ್ಲಿ ಓಡಾಡಿಕೊಂಡಿರುತ್ತಾರೆ ಎಂಬುದು ಪಾಪ ಅವನಿಗೆ ನೆನಪಿರಲಿಲ್ಲ.

ಅವನು ನಾಲ್ಕನೆಯ ಮಹಡಿಗೆ ಬಂದಾಗ ಕೋಣೆಯಲ್ಲಿ ಇದ್ದವರು ಇಬ್ಬರೇ. ಸಮಿತಿಯ ಅಧ್ಯಕ್ಷರು, ಮತ್ತು ನಿಯಮಗಳ ಪುಸ್ತಕವನ್ನು ಮಗುವಿನಂತೆ ಎದೆಗೊತ್ತಿಕೊಂಡಿದ್ದ ಕಾರ್ಯದರ್ಶಿ. ಕಾರ್ಯದರ್ಶಿಗಳು ಸದಸ್ಯರಲ್ಲ, ಲೆಕ್ಕಕ್ಕಿಲ್ಲ.

"ಸಾರ್, ಮಿಕ್ಕ ನಾಲ್ಕು ಜನಾನೂ ಕೆಳಗೇ ಇದಾರೆ. ಸಭೇನ ಕ್ಯಾಂಟೀನಲ್ಲೇ ಮಾಡಿದ್ರೆ?" ಎಂದ ಅಟೆಂಡರ್.

"ಕೋಣೆ ಬದಲಾಯಿಸ್ಬೇಕಾದ್ರೆ ಸಮಿತಿ ಸಭೆ ಸೇರಿ ತೀರ್ಮಾನ ಮಾಡ್ಬೇಕಪ್ಪ" ಎಂದರು ಕಾರ್ಯದರ್ಶಿ.

"ಆ ಸಭೆ ಎಲ್ಲಿ ಸೇರ್ಬೇಕು ಸಾರ್?"

"ಇಲ್ಲೇ."

ಅಟೆಂಡರ್ ಮತ್ತೆ ಕೆಳಗಿಳಿದ. ಅವನದು ಉಡದ ಪಟ್ಟು. ಹಜಾರದಲ್ಲಿ ಆಡಳಿತ ಪಕ್ಷದ ಸದಸ್ಯೆ ನಿಂತಿದ್ದರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. "ಅಕ್ಕ, ವಿರೋಧ ಪಕ್ಷದವರು ಆಗಲೇ ಮೇಲೆ ಹೊರಟ್ರು. ಆಡಳಿತದವರು ಕೆಲಸಗಳ್ಳರು ಅಂತ ಪತ್ರಿಕೆಯವರಿಗೆ ಹೇಳ್ತಾರಂತೆ" ಎಂದ. ಕಂಬದಾಚೆ ವಿರೋಧ ಪಕ್ಷದ ಸದಸ್ಯರಿದ್ದರು. ಯಾವ ಮಾತೆತ್ತಿದರೂ ಬೇಡವೆನ್ನುವ ಅವರಿಗೆ ಅಡ್ಡಗಾಲು ಎಂದೇ ಹೆಸರು. ಅವರ ಕಿವಿಗೂ ಅದೇ ಮಾತನ್ನು ತಿರುಗಿಸಿ ಹಾಕಿದ. ಇಬ್ಬರೂ ಮೆಟ್ಟಿಲ ಬುಡದಲ್ಲಿ ಎದುರಾದರು, ಒಬ್ಬರನ್ನೊಬ್ಬರು ದುರುಗುಟ್ಟಿದರು, ಆಮೇಲೆ ಸೆರಗು ಸೊಂಟಕ್ಕೆ, ಕನ್ನಡಕ ಜೇಬಿಗೆ ಸೇರಿ ಓಟ ಶುರುವಾಯಿತು.

ಮೂವರಾದರು. ಕ್ಯಾಂಟೀನಿನಲ್ಲಿ ನಾಲ್ಕನೆಯ ಸದಸ್ಯರಾದ ಬಿಸ್ಕತ್ತು ಸಾಹೇಬರು ಕಾಫಿಯಲ್ಲಿ ಬಿಸ್ಕತ್ತು ಅದ್ದುತ್ತಾ ಕೂತಿದ್ದರು. ಅವರದು ಎರಡು ಕುರ್ಚಿಗಾಗುವಷ್ಟು ಶರೀರ.

"ನಾಲ್ಕನೇ ಮಹಡಿನಾ? ಸ್ವರ್ಗ ಅದಕ್ಕಿಂತ ಹತ್ತಿರ ಕಣಯ್ಯ" ಎಂದರು.

ಅಟೆಂಡರ್ ಬಿಸ್ಕತ್ತಿನ ತಟ್ಟೆಯನ್ನು ಎತ್ತಿಕೊಂಡು ನಡೆದ. ಸಾಹೇಬರು ತಟ್ಟೆಯ ಹಿಂದೆ ಬಂದರು. ಒಂದೊಂದು ತಿರುವಿಗೆ ಒಂದೊಂದು ಬಿಸ್ಕತ್ತು ಕೊಟ್ಟು ಹತ್ತಿಸಿದ. "ಎತ್ತಿಗೂ ಹೀಗೇ ಹುಲ್ಲು ತೋರಿಸೋದು" ಎಂದು ಕ್ಯಾಂಟೀನಿನವನು ಹಿಂದಿನಿಂದ ಎಲ್ಲರಿಗೂ ಕೇಳುವಂತೆ ಹೇಳಿದ.

ಮೇಲೆ ಬಂದು ನೋಡಿದರೆ ಅಡ್ಡಗಾಲು ಎದ್ದು ಹೊರಟಿದ್ದಾರೆ. ಕಪ್ಪೆಗಳನ್ನು ತಕ್ಕಡಿಗೆ ಹಾಕುವ ಕೆಲಸ ಇದು. ಒಂದನ್ನು ಇಟ್ಟರೆ ಇನ್ನೊಂದು ಹಾರುತ್ತದೆ. "ಸಾರ್, ನೀವೆದ್ದ ಕೂಡಲೇ ಅಕ್ಕ ನಿಮ್ಮ ಕುರ್ಚಿ ಮೇಲೆ ಅವರ ಚೀಲ ಇಟ್ರು" ಎಂದ ಅಟೆಂಡರ್. ಅಡ್ಡಗಾಲು ಗಾಳಿಯಂತೆ ಹಿಂದಿರುಗಿ ಕುರ್ಚಿಯ ಎರಡು ಕೈಗಳನ್ನೂ ಹಿಡಿದುಕೊಂಡು ಕೂತರು.

ಇನ್ನೊಬ್ಬರು ಬೇಕು. ಉಳಿದವರು ಸದನಕ್ಕೆಲ್ಲ ಹಿರಿಯರಾದ ತಾತ. ಅವರು ನೆಲಮಹಡಿಯ ಗ್ರಂಥಾಲಯದ ಒರಗುಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು.

"ಬರೋಕೆ ಆಸೆ ಇದೆ ಮಗಾ. ಕಾಲೇ ಇಲ್ವಲ್ಲ" ಎಂದರು ತಾತ.

ಕಾಲಿನ ಕಷ್ಟ ಅಟೆಂಡರನಿಗೆ ಹೇಳಿಕೊಡಬೇಕೆ? ಬಾಗಿಲ ಕಾವಲುಗಾರನನ್ನು ಕರೆದು, ತಾತನನ್ನು ಕುರ್ಚಿ ಸಮೇತ ಎತ್ತಿದ. ಗ್ರಂಥಪಾಲಕಿ ಅಡ್ಡ ಬಂದಳು.

"ಕುರ್ಚಿ ಗ್ರಂಥಾಲಯದ್ದು. ಹೊರಗೆ ಹೋಗೋ ಹಾಗಿಲ್ಲ."

"ತಾತ?"

"ತಾತ ನಮ್ಮ ಆಸ್ತಿ ಅಲ್ಲ. ಕರ್ಕೊಂಡ್ಹೋಗಿ."

ಕಾವಲುಗಾರ ತನಗೆ ಬಾಗಿಲು ಬಿಡುವ ಹಾಗಿಲ್ಲವೆಂದು ನೆನಪು ಮಾಡಿಕೊಂಡು ಮೆಲ್ಲಗೆ ಜಾರಿದ. ಅಟೆಂಡರ್ ಗೋಡೆಯ ಗಡಿಯಾರ ನೋಡಿದ, ತನ್ನ ಮಂಡಿ ನೋಡಿದ, ಕೊನೆಗೆ ಬೆನ್ನು ಬಗ್ಗಿಸಿದ. "ಹತ್ತಿ ತಾತ. ಇದೊಂದೇ ಸಲ."

ಮೊದಲ ಮಹಡಿಯಲ್ಲಿ ಮಂಡಿ ಕಟಕಟ ಎಂದಿತು. ಎರಡನೆಯದರಲ್ಲಿ ಕಣ್ಣಲ್ಲಿ ನೀರು ಬಂತು. ಸತ್ತು ನಿಂತ ಲಿಫ್ಟನ್ನು ದಾಟುವಾಗ ಅವನು ಹಲ್ಲು ಕಚ್ಚಿ, "ನಾಳೆಯಿಂದ ನೀನು ಹೊರ್ತೀಯ ಮಗನೇ" ಎಂದ. ಬೆನ್ನ ಮೇಲಿನ ತಾತ ಮಾತ್ರ ಕಿಟಕಿಯಾಚೆಯ ಮರಗಳನ್ನು ನೋಡುತ್ತಾ, "ಎಷ್ಟು ಚೆನ್ನಾಗಿದೆ, ಈ ಕಡೆ ಬಂದು ಎಷ್ಟು ಕಾಲ ಆಯ್ತು" ಎನ್ನುತ್ತಿದ್ದರು.

ಐದು ಜನ ಕೂತರು. ಅಟೆಂಡರ್ ಬಾಗಿಲಿಗೆ ಒರಗಿ ನಿಂತ. ಇಷ್ಟು ಸಂತೋಷ ಅವನಿಗೆ ತನ್ನ ಮದುವೆಯ ದಿನವೂ ಆಗಿರಲಿಲ್ಲ.

ಕಾರ್ಯದರ್ಶಿ ವರದಿ ಓದಿದರು. "ಲಿಫ್ಟ್ ಇಲ್ಲದ ಕಾರಣ ಸದಸ್ಯರು ಸಭೆಗೆ ಬರಲಾಗುತ್ತಿಲ್ಲ. ಆದ್ದರಿಂದ..."

"ಒಂದು ನಿಮಿಷ" ಎಂದರು ಅಡ್ಡಗಾಲು. "ಈವತ್ತು ಯಾರು ಬಂದಿಲ್ಲ?"

ಕಾರ್ಯದರ್ಶಿ ಸುತ್ತ ನೋಡಿದರು. "ಎಲ್ಲರೂ ಬಂದಿದಾರೆ."

"ಅಂದ್ಮೇಲೆ ಬರೋಕಾಗಲ್ಲ ಅನ್ನೋದು ಸುಳ್ಳು ವರದಿ. ಇದಕ್ಕೆ ಜನರ ದುಡ್ಡು ಸುರಿಯೋಕೆ ನಮ್ಮ ಪಕ್ಷ ಒಪ್ಪಲ್ಲ."

ಅಟೆಂಡರನ ಕಣ್ಣು ಅಕ್ಕನ ಕಡೆ ಹೊರಳಿತು. ಅವರಿಬ್ಬರೂ ಒಂದು ಮಾತಿಗೆ ಹೂಂ ಎಂದದ್ದು ಇತಿಹಾಸದಲ್ಲೇ ಇಲ್ಲ. ಅಕ್ಕ ಮೇಜು ಕುಟ್ಟಿದರು. "ಉಳಿತಾಯದ ಮಾತು ಮೊದಲು ಎತ್ತಿದ್ದೇ ನಮ್ಮ ಪಕ್ಷ. ಲಿಫ್ಟ್ ಬೇಡ ಅಂತ ನಾವೇ ಮೊದಲು ಹೇಳ್ತಿದೀವಿ, ಹಾಗೇ ಬರ್ಕೊಳ್ಳಿ."

ಅಧ್ಯಕ್ಷರು ಇಬ್ಬರಿಗೂ ತಲೆಯಾಡಿಸಿದರು, ಸಾಹೇಬರ ಬಾಯಲ್ಲಿ ಬಿಸ್ಕತ್ತಿತ್ತು. ಮಾತಾಡಲು ಉಳಿದದ್ದು ತಾತನೊಬ್ಬರೇ. ಅವರು ಮೇಜು ಹಿಡಿದು ಎದ್ದು ನಿಂತಾಗ ಅಟೆಂಡರನಿಗೆ ಹೋದ ಜೀವ ಬಂದಂತಾಯಿತು.

"ನನ್ನನ್ನ ಇಲ್ಲಿ ತನಕ ಕರ್ಕೊಂಡು ಬಂದೋನು ಈ ಮಗು. ಇವನನ್ನ ಮರೀಬಾರದು" ಎಂದರು ತಾತ. "ಲಿಫ್ಟು ನಿಲ್ಲುತ್ತೆ, ಕೆಡುತ್ತೆ, ಒಳಗೆ ಉಸಿರು ಕಟ್ಟುತ್ತೆ. ಇವನ ಬೆನ್ನ ಮೇಲೆ ಎಷ್ಟು ಆರಾಮ ಗೊತ್ತಾ? ಸೊಂಟಕ್ಕೆ ಮಾತ್ರ ಸ್ವಲ್ಪ ಆಧಾರ ಸಾಲದು. ಬೆನ್ನಿಗೆ ಕಟ್ಟಿಕೊಳ್ಳೋ ಒಂದು ಬೆತ್ತದ ಕುರ್ಚಿ ಮಂಜೂರು ಮಾಡಿ. ಹೊರೋ ಕೆಲಸ ಇವನದೇ ಅಂತ ಆದೇಶ ಆಗಲಿ. ಬೇರೆಯವರು ಬಂದ್ರೆ ನಾನು ಒಪ್ಪಲ್ಲ."

ತೀರ್ಮಾನ ಒಮ್ಮತದಿಂದ ಅಂಗೀಕಾರವಾಯಿತು. ಸಮಿತಿಯ ಚರಿತ್ರೆಯಲ್ಲೇ ಮೊದಲ ಒಮ್ಮತ ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. ಕಾರ್ಯದರ್ಶಿ ಕಾಗದಕ್ಕೆ ಮೊಹರು ಒತ್ತಿ ಅಟೆಂಡರನ ಕೈಗಿಟ್ಟರು. "ಬೇಗ ಹೋಗಪ್ಪ. ಹಣಕಾಸು ಶಾಖೆ ಬಾಗಿಲು ಹಾಕೋ ಹೊತ್ತಾಯ್ತು. ಇದು ತಪ್ಪಿದ್ರೆ ನಿನ್ನ ಕುರ್ಚಿ ಮುಂದಿನ ವರ್ಷಕ್ಕೆ ಹೋಗುತ್ತೆ."

ಅಟೆಂಡರ್ ಕಾಗದ ಹಿಡಿದು ಕುಂಟುತ್ತಾ ತಿರುಗಿದ.

"ಮಗಾ, ಹೇಗೂ ಇಳೀತಿದೀಯ. ನನ್ನನ್ನೂ ಬಿಟ್ಬಿಡು" ಎಂದರು ತಾತ, ಕೈ ಚಾಚಿ.

ಅವನು ಬೆನ್ನು ಬಗ್ಗಿಸಿದ. ತಾತ ಏರಿ ಕೂತು ಅವನ ಕುತ್ತಿಗೆ ಹಿಡಿದುಕೊಂಡರು. ಬಾಗಿಲು ದಾಟುವಷ್ಟರಲ್ಲಿ, ತಟ್ಟೆಯ ಕೊನೆಯ ಬಿಸ್ಕತ್ತು ಬಾಯಿಗೆ ಹಾಕಿಕೊಂಡ ಸಾಹೇಬರ ದನಿ ಹಿಂದಿನಿಂದ ಕೇಳಿತು.

"ಅವರನ್ನ ಇಳಿಸಿ ಬೇಗ ಬಾರಪ್ಪ. ನಾನು ಇಲ್ಲೇ ಕಾಯ್ತಿರ್ತೀನಿ."