ನನಗೆ ಹಿಡಿದ ಸುಳ್ಳು ಚಳಕ

ಮನೆಯಲ್ಲಿ ಇಬ್ಬರು ಮಕ್ಕಳು. ದೊಡ್ಡವಳು ಗೋಡೆಯ ಮೇಲೆ ಬರೆಯುತ್ತಾಳೆ, ಚಿಕ್ಕವನು ಅದೇ ಗೋಡೆಯನ್ನು ನೆಕ್ಕುತ್ತಾನೆ. ಮೂರನೆಯದು ಬಂದರೆ ಗೋಡೆಯೇ ಉಳಿಯುವುದಿಲ್ಲವೆಂದು ನಾನೂ ನನ್ನ ಹೆಂಡತಿ ಶಾಂತಾಳೂ ಸರ್ವಾನುಮತದಿಂದ ನಿರ್ಣಯ ಅಂಗೀಕರಿಸಿದೆವು. ಇನ್ನು ಉಳಿದದ್ದು ಉಪಾಯ ಆರಿಸುವ ಕೆಲಸ. ಬೈಲಹೊಂಗಲದಲ್ಲಿ ಹದಿನೈದು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿರುವ ನನಗೆ ಇದೇನು ದೊಡ್ಡ ಮಾತು ಅಂದುಕೊಂಡೆ.

ದವಾಖಾನೆಯಲ್ಲಿ ಸಿಸ್ಟರ್ ಎಲ್ಲವನ್ನೂ ಬಿಡಿಸಿ ಹೇಳಿದರು. ಗುಳಿಗೆಯನ್ನು ಶಾಂತಾ ಆಗಲೇ ನುಂಗಿ ನೋಡಿದ್ದಳು, ವಾರಕ್ಕೆ ಮೂರು ದಿನ ಮರೆಯುತ್ತಿದ್ದಳು. ಕಾಪರ್-ಟಿ ಹಾಕಿಸಿಕೊಂಡು ಆರು ತಿಂಗಳು ಹೊಟ್ಟೆನೋವು ಅನುಭವಿಸಿ ತೆಗೆಸಿದ್ದಳು. ನಿರೋಧ್ ತರುವ ಹೊಣೆ ನನ್ನದಾಗಿತ್ತು. ಔಷಧ ಅಂಗಡಿಯವನು ನನ್ನ ಜೊತೆ ಸಾಲಿ ಕಲಿತವನು. ಅವನ ಮುಖ ಕಂಡ ಕೂಡಲೇ ಬಾಯಿ ತಾನಾಗಿಯೇ ಕೆಮ್ಮಿನ ಔಷಧ ಕೇಳುತ್ತಿತ್ತು. ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲ, ಬಾಟಲಿ ಮಾತ್ರ ಐದು ಇವೆ.

ಉಳಿದದ್ದು ಆಪರೇಶನ್. ಗಂಡಸರದ್ದು ಸಣ್ಣ ಕೆಲಸ, ಹೊಲಿಗೆ ಇಲ್ಲ, ಅದೇ ದಿನ ಮನೆಗೆ ಹೋಗಬಹುದು ಎಂದರು ಸಿಸ್ಟರ್. ಶಾಂತಾಳ ಎರಡೂ ಹೆರಿಗೆ ಹೊಟ್ಟೆ ಕೊಯ್ದೇ ಆಗಿದ್ದವು. ಮೂರನೆಯ ಸಲ ಅವಳು ಆ ಟೇಬಲ್ಲಿನ ಮೇಲೆ ಮಲಗುವುದು ನನಗೆ ಬೇಡವಾಗಿತ್ತು, ಅದು ಸುಳ್ಳಲ್ಲ. ಹಾಗಂತ ನಾನೇ ಮಲಗಬೇಕು ಎಂದೂ ನನಗೆ ಅನಿಸಿರಲಿಲ್ಲ.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರದೇ ಮನೆಗೆ ಹೋದಾಗ ಊಟಕ್ಕೆ ಏಳಿರಿ ಅಂದರೆ ಎರಡು ಸಲ ಒಲ್ಲೆ ಅನ್ನಬೇಕು, ಮೂರನೆಯ ಸಲಕ್ಕೆ ತಾಟಿನ ಮುಂದೆ ಕೂಡಬೇಕು. ಈ ಪದ್ಧತಿಯ ಮೇಲೆ ಭಾರ ಹಾಕಿ ನಾನು ಎದೆಯುಬ್ಬಿಸಿ, "ಅದರಾಗೇನೈತ್ರಿ ಸಿಸ್ಟರ್, ನಾನ ಮಾಡಿಸ್ಕೋತೇನಿ" ಅಂದೆ. ಶಾಂತಾ ಎರಡು ಸಲ ಬೇಡ ಅನ್ನುತ್ತಾಳೆ, ನಾನು ಬಹಳ ನೊಂದುಕೊಂಡು ಒಪ್ಪುತ್ತೇನೆ ಎಂಬುದು ನನ್ನ ಅಂದಾಜು.

"ಸಿಸ್ಟರ್, ಇವರ ಹೆಸರು ಬರಕೊಳ್ರಿ" ಅಂದಳು ಶಾಂತಾ.

ಒಂದು ಸಲವೂ ಬೇಡ ಅನ್ನಲಿಲ್ಲ!

ಆಪರೇಶನ್ ಅರ್ಧ ಗಂಟೆಯೂ ಹಿಡಿಯಲಿಲ್ಲ. ಸೂಜಿ ಚುಚ್ಚುವ ಮೊದಲೇ ನಾನು ಸವದತ್ತಿಯ ಎಲ್ಲಮ್ಮನಿಂದ ಹಿಡಿದು ಗೊತ್ತಿದ್ದ ದೇವರನ್ನೆಲ್ಲ ಕರೆದಿದ್ದೆ. ಅವರು ಬಂದು ಮುಟ್ಟುವಷ್ಟರಲ್ಲಿ ಕೆಲಸ ಮುಗಿದಿತ್ತು. ಒಂದು ವಾರ ಭಾರ ಎತ್ತಬಾರದು, ಮೂರು ತಿಂಗಳು ನಿರೋಧ್ ಬಿಡಬಾರದು, ಆಮೇಲೆ ತಪಾಸಣೆ ಮಾಡಿಸಿಯೇ ನಿಶ್ಚಿಂತರಾಗಬೇಕು ಎಂದು ಡಾಕ್ಟರು ಹೇಳಿದರು. ಅಂದರೆ ಇನ್ನೂ ಒಂದಿಷ್ಟು ಕೆಮ್ಮಿನ ಔಷಧ ಮನೆಗೆ ಬರುವುದಿತ್ತು.

ನನ್ನ ನಿಜವಾದ ಚಿಂತೆ ಅವ್ವನದು. ನಮ್ಮ ಜೊತೆಗೇ ಇರುವ ಅವ್ವ ಸಿರಸಂಗಿಯವಳು, ಗಟ್ಟಿ ಹೆಂಗಸು. ಗೊತ್ತಾದರೆ ಸೊಸೆಯ ಮೇಲೆ ಹರಿಹಾಯುತ್ತಾಳೆ, ಓಣಿಯವರು ನನ್ನನ್ನು ಗಂಡಸರ ಪಟ್ಟಿಯಿಂದಲೇ ತೆಗೆದುಹಾಕುತ್ತಾರೆ ಎಂದು ಹೆದರಿದ್ದೆ. ಇದ್ದದ್ದು ಹೇಳಿಬಿಡಿ ಎಂದು ಶಾಂತಾ ಮನೆಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದಳು. ಹೆಂಗಸರಿಗೆ ರಾಜಕಾರಣ ತಿಳಿಯುವುದಿಲ್ಲ ಎಂದು ನಾನು ಸುಮ್ಮನಾಗಿಸಿದೆ.

ಮರುದಿನ ಗಿರಣಿಗೆ ಹೆಂಗಸರು ಜೋಳದ ಡಬ್ಬಿ ಹೊತ್ತು ಬಂದರು. ನೀವೇ ಎತ್ತಿ ಸುರುವಿಕೊಳ್ಳಿ ಅಂದೆ. ಹದಿನೈದು ವರ್ಷದಲ್ಲಿ ನನ್ನ ಬಾಯಿಂದ ಅಂಥ ಮಾತು ಬಂದದ್ದು ಮೊದಲ ಸಲ. ಏನಾಯಿತು ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಸೊಂಟದಲ್ಲಿ ಚಳಕ ಹಿಡಿದಿದೆ, ಬಗ್ಗಲು ಆಗುವುದಿಲ್ಲ ಅಂದೆ. ಎಂಥ ಸೊಗಸಾದ ಸುಳ್ಳು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಮೂರು ಸಲ ಒದ್ದರೆ ಚಳಕ ಬಿಡುತ್ತದೆ. ಇದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಸುಳ್ಳು ಹೇಳುವಾಗ ನೆನಪಾಗಲಿಲ್ಲ, ಅಷ್ಟೇ!

ಗಿರಣಿಗೆ ಹೊಂದಿಕೊಂಡೇ ಇರುವ ನಮ್ಮ ಮನೆಗೆ ಸುದ್ದಿ ಮುಟ್ಟಿತು. ಹತ್ತು ನಿಮಿಷದಲ್ಲಿ ಅವ್ವ ಹಿಂದಿನ ಓಣಿಯ ಗಂಗವ್ವನನ್ನು ಕರೆದುಕೊಂಡು ಬಂದಳು. ಗಂಗವ್ವ ಕಾಲು ಮುಂದಾಗಿ ಹುಟ್ಟಿದವಳು. ಅರವತ್ತು ದಾಟಿದರೂ ಹೊಲದ ಕೆಲಸ ಬಿಟ್ಟಿಲ್ಲ, ಕಾಲುಗಳು ಒನಕೆಯ ಹಾಗೆ ಇವೆ. ನಾನು ಆಗಲೇ ಅರ್ಧ ಆರಾಮಾಗಿದೆ ಅಂದೆ. ಉಳಿದ ಅರ್ಧವನ್ನು ತಾನು ತೆಗೆಯುತ್ತೇನೆ ಅಂದಳು ಗಂಗವ್ವ. ಅವ್ವ ನೆಲದ ಮೇಲೆ ಚಾಪೆ ಹಾಸಿದಳು. ಸರದಿಯಲ್ಲಿದ್ದ ಹೆಂಗಸರು ಡಬ್ಬಿ ಕೆಳಗಿಟ್ಟು ಸುತ್ತ ನಿಂತರು.

"ಬೋರಲ ಮಲಕೊ ತಮ್ಮಾ" ಅಂದಳು ಗಂಗವ್ವ, ಸೀರೆಯ ನೆರಿಗೆ ಎತ್ತಿ ಕಟ್ಟುತ್ತ.

ಬೋರಲು! ವಾರವಿಡೀ ಜೋಪಾನ ಮಾಡಬೇಕಾದ ಜಾಗ ಕೆಳಗೆ, ಒನಕೆ ಮೇಲೆ, ನಡುವೆ ನಾನು. ಶಾಂತಾ ಬಾಗಿಲಲ್ಲಿ ನಿಂತು, ಈಗಲಾದರೂ ಬಾಯಿ ಬಿಡಿ ಎಂದು ಕಣ್ಣಿನಲ್ಲೇ ಹೇಳುತ್ತಿದ್ದಳು. ನಾನು ಮಂಡಿಯೂರಿದೆ, ಅಂಗೈ ಊರಿದೆ. ಗಂಗವ್ವನ ಕಾಲು ಮೇಲೆದ್ದದ್ದು ಓರೆಗಣ್ಣಿಗೆ ಕಂಡಿತು. ಗಿರಣಿ ಭರ್ರೆಂದು ತಿರುಗುತ್ತಿತ್ತು. ಆ ಸದ್ದಿನಲ್ಲಿ ಹತ್ತಿರವೇ ಇದ್ದ ಅವ್ವನಿಗೆ ಮಾತ್ರ ಕೇಳಲಿ ಎಂದು ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಒದರಿದೆ.

ಅದೇ ಗಳಿಗೆಗೆ ಕರೆಂಟ್ ಹೋಯಿತು.

"ಒದೀಬ್ಯಾಡ್ರಿ, ಮಕ್ಕಳಾಗಲಾರದ ಆಪರೇಶನ್ ಮಾಡಿಸ್ಕೊಂಡೇನಿ!"

ಗಿರಣಿ ನಿಂತಿತ್ತು. ಓಣಿ ನಿಂತಿತ್ತು. ಎದುರಿನ ಅಂಗಡಿಯಲ್ಲಿ ಚಹಾವನ್ನು ಬಸಿಗೆ ಸುರಿದುಕೊಂಡು ಹೀರುತ್ತಿದ್ದವರು ಹೀರುವುದನ್ನು ಬಿಟ್ಟು ಇತ್ತ ತಿರುಗಿದರು. ಗಂಗವ್ವ ಮಾತ್ರ ಕಾಲನ್ನು ಮೆಲ್ಲಗೆ ಕೆಳಗಿಳಿಸಿದಳು.

ಅವ್ವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

"ಚಳಕ ಹಿಡದಾವ ಬಗ್ಗಿ ನಡೀತಾನ. ನೀ ನಿನ್ನೆಯಿಂದ ಕಾಲು ಅಗಲಿಸಿ ನಡ್ಯಾಕ ಹತ್ತಿ" ಅಂದಳು. "ನೀನ ಹೇಳ್ಲಿ ಅಂತ ಗಂಗವ್ವನ ಕರಕೊಂಡ ಬಂದೆ. ಈಕಿ ಶಾಂತಾ ಎರಡ ಸಲ ಹೊಟ್ಟಿ ಕೊಯ್ಸಿಕೊಂಡು ಯಾರ ಮುಂದೂ ಮುಚ್ಚಿಡಲಿಲ್ಲ. ನೀ ಒಂದ ಸೂಜಿಗೆ ಇಷ್ಟ ನಾಟಕ ಮಾಡ್ತಿ?"

ನನಗೆ ನಾಚಿಕೆಯಾಯಿತು. ಯಾರಿಗೆ ಹೆದರಿ ಇಷ್ಟೆಲ್ಲ ಮಾಡಿದೆನೋ ಅವಳೇ ಸೊಸೆಯ ಕಡೆ ನಿಂತಿದ್ದಳು. ಶಾಂತಾ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆಂದು ಹತ್ತಿರ ಹೋದೆ. ನಗುತ್ತಿದ್ದಳು.

ಗಂಡಸರ ಪಟ್ಟಿಯಿಂದ ನನ್ನನ್ನು ಯಾರೂ ತೆಗೆಯಲಿಲ್ಲ. ಹೆಂಗಸರು ಹಿಟ್ಟಿನ ಜೊತೆಗೆ ಶಾಂತಾಳಿಂದ ದವಾಖಾನೆಯ ವಿಳಾಸವನ್ನೂ ಒಯ್ಯತೊಡಗಿದರು. ಅವರ ಗಂಡಂದಿರು ಮಾತ್ರ ನನ್ನ ಗಿರಣಿಯ ಮುಂದೆ ತಲೆ ತಗ್ಗಿಸಿ ಬೇಗ ಬೇಗ ಹಾದುಹೋಗುತ್ತಾರೆ. ಓಣಿಯಲ್ಲಿ ಯಾರಾದರೂ ಚಳಕ ಹಿಡಿದಿದೆ ಅಂದರೆ ಜನ ಮೊದಲು ಅವನ ಮಕ್ಕಳನ್ನು ಎಣಿಸುತ್ತಾರೆ.

ಮೂರು ತಿಂಗಳಾಯಿತು, ತಪಾಸಣೆಯೂ ಆಯಿತು, ಎಲ್ಲ ಸರಿಯಾಗಿದೆ. ಹೋದ ವಾರ ಜೋಳದ ಚೀಲ ಎತ್ತುವಾಗ ಸೊಂಟದಲ್ಲಿ ಚಳಕ ಹಿಡಿಯಿತು. ದೇವರಾಣೆ, ನಿಜವಾದ ಚಳಕ. ಗೋಡೆ ಹಿಡಿದು ನಡೆಯುತ್ತ ಮನೆಗೆ ಬಂದು, ಗಂಗವ್ವನನ್ನು ಕರೆಸು ಎಂದು ಅವ್ವನಿಗೆ ಹೇಳಿದೆ.

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮತ್ತೊಮ್ಮಿ ಮಾಡಿಸ್ಕೊಂಡ್ಯೇನ?"