ನಮ್ಮ ಪಾಲಿಗೊಂದು ಐತಾರ

ವಾರದ ಆರು ದಿನ ನಮ್ಮಿಬ್ಬರ ಸಂಸಾರ ಎಲ್ಲರ ಸಂಸಾರದಂತೆ ನೆಟ್ಟಗೆ ನಡೆಯುತ್ತದೆ. ನಮ್ಮವರು ಹತ್ತಿ ಮಿಲ್ಲಿಗೆ ಹೋಗುತ್ತಾರೆ, ನಾನು ಮನೆಯಲ್ಲೇ ಮಷೀನು ಇಟ್ಟುಕೊಂಡು ಕುಬಸ ಹೊಲಿಯುತ್ತೇನೆ. ಐತಾರ ಬಂತೆಂದರೆ ಮಾತ್ರ ಏನಾದರೂ ಒಂದು ಆಗಿಯೇ ತೀರುತ್ತದೆ. ಮದುವೆಯಾಗಿ ಎಂಟು ತಿಂಗಳಾದರೂ, ಯಾರೂ ಕರೆಯದೆ, ಯಾರೂ ಬರದೆ, ನಾವಿಬ್ಬರೇ ಕಳೆದ ಒಂದು ಐತಾರ ಇರಲಿಲ್ಲ. ಅಂಥದ್ದೊಂದು ದಿನ ಬೇಕು ಅನ್ನುವುದು ನನ್ನ ಆಸೆ. ಅಷ್ಟು ಸಣ್ಣ ಆಸೆಗೆ ನಾನು ಪಟ್ಟ ಪಡಿಪಾಟಲು ಕೇಳಿ.

ನಡುವಿನ ಮನೆ

ನನ್ನ ತವರು ಗದ್ವಾಲ. ಅತ್ತೆಯ ಮನೆ ನಾರಾಯಣಪೇಟೆ. ನಮ್ಮವರ ಕೆಲಸ ಇವೆರಡರ ನಡುವಿನ ಮಕ್ತಲ್‌ನಲ್ಲಿ. ಬಾಡಿಗೆ ಮನೆ ಹುಡುಕಲು ಹೊರಟಾಗ ನಮ್ಮವರಿಗೆ ಮೊದಲು ಸಿಕ್ಕಿದ್ದು ಗದ್ವಾಲ ರಸ್ತೆಯ ಕಡೆ. ಅತ್ತೆ ಒಳಗೂ ಹೋಗದೆ, "ಮನಿ ಚಂದ ಐತಿ. ಆದ್ರ ಪೂರಾ ಬೀಗರ ಕಡೆ ಮಾರಿ ಮಾಡಿ ನಿಂತೈತಿ" ಅಂದರು. ಎರಡನೆಯದು ನಾರಾಯಣಪೇಟೆ ರಸ್ತೆಯ ಕಡೆ ಸಿಕ್ಕಿತು. ಅದನ್ನು ನೋಡಿ ನಮ್ಮಪ್ಪ, "ಗಾಳಿ ಬರಂಗಿಲ್ಲ" ಅಂದ. ಆಗ ಅವನ ಪಂಚೆ ಗಾಳಿಗೆ ಪಟಪಟ ಅನ್ನುತ್ತಿತ್ತು.

ಕೊನೆಗೆ ಬಸ್ ಸ್ಟ್ಯಾಂಡಿನ ಹಿಂದಿನ ಮನೆಗೆ ಇಬ್ಬರೂ ಒಪ್ಪಿದರು. ಯಾವ ಊರಿನ ಬಸ್ಸಾದರೂ ನಿಲ್ಲುವುದು ಅಲ್ಲೇ ಅಲ್ಲವೇ, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿಯಿಲ್ಲ. ಮನೆ ನೋಡಲು ನಾಲ್ಕೂ ಮಂದಿ ಹಿರಿಯರು ಬಂದರು. ಮಾವ ನಲ್ಲಿ ತಿರುಗಿಸಿ ನೋಡಿದರು. ಅಪ್ಪ ಗೋಡೆ ತಟ್ಟಿದ. ಅತ್ತೆ ತಲೆಯೆತ್ತಿ ತೊಟ್ಟಿಲು ಕಟ್ಟಲು ಕೊಂಡಿ ಇದೆಯೋ ಇಲ್ಲವೋ ಹುಡುಕಿದರು. ಅವ್ವ ಆ ಕೊಂಡಿಯ ಕೆಳಗೆ ನಿಂತು, ಬಾಣಂತನಕ್ಕೆ ಬಂದರೆ ತಾನು ಎಲ್ಲಿ ಮಲಗಬೇಕು ಅಂತ ಅಳತೆ ಹಾಕಿದಳು. ಮದುವೆಯಾಗಿ ಆಗ ಇನ್ನೂ ಹನ್ನೆರಡು ದಿನ.

ಮನೆಯ ಮಾಲಕಿ ತೆಲುಗಿನಾಕೆ. ಬಾಗಿಲಲ್ಲಿ ನಿಂತು ಇದೆಲ್ಲ ನೋಡಿದಳು. ಆಮೇಲೆ ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ನಮ್ಮಿಬ್ಬರ ಕಡೆ ಕೈ ತೋರಿಸಿ, "ಇವರೂ ಇಲ್ಲೇ ಇರುತ್ತಾರೇನು?" ಎಂದು ಕೇಳಿದಳು.

ಡಬ್ಬಿ ಖಾಲಿ ಹೋಗಬಾರದು

ನಮ್ಮ ಕಡೆ ಒಂದು ಪದ್ಧತಿ. ಯಾರ ಮನೆಯಿಂದಲಾದರೂ ಡಬ್ಬಿಯಲ್ಲಿ ತಿನ್ನುವುದು ಬಂದರೆ, ಆ ಡಬ್ಬಿಯನ್ನು ಖಾಲಿ ಕಳಿಸುವಂತಿಲ್ಲ. ಒಂದು ಐತಾರ ನಾರಾಯಣಪೇಟೆಗೆ ಹೋದರೆ ಅತ್ತೆ ಒಂದು ಡಬ್ಬಿ ತುಂಬ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಕೊಡುತ್ತಾರೆ. ಅವರ ಕೈಯ ಹಿಂಡಿಗೆ ಹೆಸರಿದೆ. ಮಿಕ್ಸಿಗೆ ಹಾಕದೆ ಕಲ್ಲಿನ ಒಳ್ಳಿನಲ್ಲೇ ಕುಟ್ಟುತ್ತಾರೆ. ಮುಂದಿನ ಐತಾರ ಗದ್ವಾಲಕ್ಕೆ ಹೋದರೆ ನಮ್ಮವ್ವ ಒಂದು ಡಬ್ಬಿ ಹುಣಸಿಕಾಯಿ ತೊಕ್ಕು ಕೊಡುತ್ತಾಳೆ. ಅದಕ್ಕೂ ಹೆಸರಿದೆ. ಈಗ ಎರಡು ಡಬ್ಬಿಗೂ ತಿರುಗಿ ತುಂಬಲು ನನ್ನ ಹತ್ತಿರ ಏನಿದೆ? ನನಗೆ ಅನ್ನ, ಸಾರು, ಉಪ್ಪಿಟ್ಟು ಬರುತ್ತದೆ. ಅವನ್ನು ಡಬ್ಬಿಗೆ ಹಾಕಿ ಬಸ್ಸಿನಲ್ಲಿ ಒಯ್ಯಲಾದೀತೇ?

ನಾನು ಬುದ್ಧಿ ಓಡಿಸಿದೆ. ಅವ್ವನ ತೊಕ್ಕನ್ನು ಅತ್ತೆಯ ಡಬ್ಬಿಗೆ ತುಂಬಿದೆ, ಅತ್ತೆಯ ಹಿಂಡಿಯನ್ನು ಅವ್ವನ ಡಬ್ಬಿಗೆ ತುಂಬಿದೆ. ಎರಡನ್ನೂ ನಾನೇ ಮಾಡಿದ್ದೆಂದು ಹೇಳಿದೆ. ಅತ್ತೆ ತೊಕ್ಕು ತಿಂದು, "ಪರವಾಗಿಲ್ಲ, ಹುಡಿಗಿ ಕೈ ಕುದುರಾಕ ಹತ್ತೈತಿ" ಅಂದರು. ಅವ್ವ ಹಿಂಡಿ ತಿಂದು ಕಣ್ಣು ತುಂಬಿಕೊಂಡಳು. ಆರು ತಿಂಗಳು ನಾನು ಎರಡೂ ಊರಿನಲ್ಲಿ ಹೊಗಳಿಸಿಕೊಂಡು ತಿರುಗಿದೆ. ಮಾಡಿದ್ದು ತಪ್ಪು ಅಂತ ಒಳಗೆ ಚುಚ್ಚುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹೊಗಳಿಕೆ ಬಲು ಹಿತವಾಗಿತ್ತು.

ಒಂದು ಸಲ ನನಗೆ ಹೊಲಿಗೆ ಕೆಲಸ ಮೈಮೇಲೆ ಬಿದ್ದಿತ್ತು. ಡಬ್ಬಿ ತುಂಬುವ ಕೆಲಸ ನಮ್ಮವರಿಗೆ ಹೇಳಿದೆ. ಡಬ್ಬಿಯ ಮೇಲೆ ಅತ್ತೆಯ ಹೆಸರು ಕೊರೆದಿದ್ದರೂ ಪುಣ್ಯಾತ್ಮ ಅದನ್ನು ನೋಡಲಿಲ್ಲ, ಅತ್ತೆಯ ಹಿಂಡಿಯನ್ನೇ ಅತ್ತೆಯ ಡಬ್ಬಿಗೆ ತುಂಬಿಬಿಟ್ಟರು. ನಾರಾಯಣಪೇಟೆಯಲ್ಲಿ ಅತ್ತೆ ಮುಚ್ಚಳ ತೆಗೆದಾಗ ನನಗೆ ಗೊತ್ತಾಯಿತು. ಅತ್ತೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಹೇಳಿದರು.

"ಉಪ್ಪು ಮುಂದಾಗೈತಿ. ಬಳ್ಳೊಳ್ಳಿ ಹಸಿ ಹಸಿ ಐತಿ. ನಮ್ಮ ಮನಿ ಹಿಂಡಿ ಹಂಗ ಆಗಾಕ ನಿನಗ ಇನ್ನಾ ನಾಕು ವರ್ಷ ಬೇಕವ್ವ."

ಲಾರಿ ಕಾಂಟಾ

ನಮ್ಮವರು ಮಿಲ್ಲಿನ ಕಾಂಟಾದ ಮೇಲೆ ಗುಮಾಸ್ತರು. ಹತ್ತಿಯ ಲಾರಿಯನ್ನು ಲಾರಿಯ ಸಮೇತ ತೂಗುವ ಕಾಂಟಾ ಅದು. ಮದುವೆಯಾದ ಹೊಸದರಲ್ಲಿ ನನಗೆ ಮಿಲ್ಲು ತೋರಿಸಲು ಕರೆದುಕೊಂಡು ಹೋದವರು, ತಮಾಷೆಗೆ ನಮ್ಮಿಬ್ಬರನ್ನೂ ಬೈಕಿನ ಸಮೇತ ತೂಗಿಸಿದ್ದರು. ಇನ್ನೂರ ಮೂವತ್ತು ಕೆಜಿ. ಬೈಕಿನ ಮೇಲೆ ಅವರೊಬ್ಬರೇ ಕೂತರೆ ನೂರ ಎಂಬತ್ತು. ಆ ತೂಕದ ಚೀಟಿಯನ್ನು ನಾನು ಮದುವೆಯ ಫೋಟೋದ ಜೊತೆ ಇಟ್ಟುಕೊಂಡಿದ್ದೆ.

ಎಂಟು ತಿಂಗಳ ಮೇಲೆ ಮತ್ತೆ ಹೋದಾಗ ನನಗೆ ಅದು ನೆನಪಾಯಿತು. ಬೈಕು ಹತ್ತಿಸಿದೆವು. ಇನ್ನೂರ ಐವತ್ತು!

"ಪೆಟ್ರೋಲ್ ಫುಲ್ ಮಾಡಿಸೀನಿ," ಅಂದರು ನಮ್ಮವರು.

"ಇಪ್ಪತ್ತು ಕೆಜಿ ಪೆಟ್ರೋಲ್ ಹಿಡೀತೈತೇನ್ರಿ?"

"ಹಂಗಾರ ನೀ ದಪ್ಪ ಆಗೀದಿ."

ಹಿಂದೆ ತುಂಬಿದ ಲಾರಿ ನಿಲ್ಲಿಸಿಕೊಂಡು ಕಾಯುತ್ತಿದ್ದ ಡ್ರೈವರ್ ಇದನ್ನೆಲ್ಲ ಕೇಳಿಸಿಕೊಂಡ. ಮಿಲ್ಲಿನಲ್ಲಿ ಮೊದಲು ತುಂಬಿದ ಲಾರಿ ತೂಗುತ್ತಾರೆ, ಆಮೇಲೆ ಮಾಲು ಇಳಿಸಿ ಖಾಲಿ ಲಾರಿ ತೂಗುತ್ತಾರೆ. ಅವನು ಕಿಟಕಿಯಿಂದ ತಲೆ ಹಾಕಿ, "ಸಾರ್, ದಿನಾ ನಮಗ ಹೇಳ್ತೀರಿ. ಅಕ್ಕನ್ನ ಇಳಿಸಿ ಖಾಲಿ ಗಾಡಿ ತೂಗ್ರಿ, ಗೊತ್ತಾಗ್ತೈತಿ" ಅಂದ.

ನಾನು ಇಳಿದೆ. ಕಾಂಟಾ ಇನ್ನೂರು ತೋರಿಸಿತು. ನಾನು ಆಗಲೂ ಐವತ್ತು, ಈಗಲೂ ಐವತ್ತು. ಆ ಇಪ್ಪತ್ತೂ ಅವರದೇ. ಆವತ್ತಿನಿಂದ ನಮ್ಮವರು ಕಾಂಟಾ ರಿಪೇರಿಗೆ ಬಂದಿದೆ ಅಂತ ಹೇಳುತ್ತಿದ್ದಾರೆ.

ಎರಡು ಊರಿಗೆ ಎರಡು ಸುಳ್ಳು

ಐತಾರ ಐತಾರ ಎರಡೂ ಮನೆಯವರು ತಿನ್ನಿಸಿದ್ದರ ಫಲ ಇದು, ಒಂದು ವಾರವಾದರೂ ತಪ್ಪಿಸಿಕೊಳ್ಳಬೇಕು ಅಂತ ನಾನು ಹಟ ಹಿಡಿದೆ. ಉಪಾಯ ನಮ್ಮವರದು. ನಾರಾಯಣಪೇಟೆಗೆ ಫೋನು ಮಾಡಿ, "ಈ ಐತಾರ ಗದ್ವಾಲಕ್ಕ ಹೊಂಟೀವಿ" ಅಂದೆವು. ಗದ್ವಾಲಕ್ಕೆ ಫೋನು ಮಾಡಿ, "ನಾರಾಯಣಪೇಟೆಗೆ ಹೊಂಟೀವಿ" ಅಂದೆವು. ಎರಡು ಫೋನನ್ನೂ ಬಂದ್ ಮಾಡಿ, ಜೂರಾಲ ಡ್ಯಾಮಿನ ಕಡೆ ಬೈಕು ತಿರುಗಿಸಿದೆವು.

ಗೇಟು ತೆಗೆದು ನೀರು ಬಿಟ್ಟಿದ್ದರು. ಕೃಷ್ಣೆ ಹಾಲಿನಂತೆ ನೊರೆಯುಕ್ಕಿ ಬೀಳುತ್ತಿದ್ದಳು. ಮುಖದ ಮೇಲೆ ತುಂತುರು ಬೀಳುವಾಗ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅರ್ಧ ಗಂಟೆ ನಿಂತೆವು. ಮಿರ್ಚಿ ಬಜ್ಜಿ ತಿಂದೆವು. ಬರುವಾಗ ರಸ್ತೆಯ ಬದಿಯಲ್ಲಿ ಒಂದು ಬುಟ್ಟಿ ಸೀತಾಫಲ ಕೊಂಡೆವು. ನನಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಅತ್ತ ಅವ್ವನಿಗೆ, ಮಗಳು ಸುಖವಾಗಿ ಮುಟ್ಟಿದಳೋ ಇಲ್ಲವೋ ಅಂತ ಚಿಂತೆ ಹತ್ತಿತಂತೆ. ಅತ್ತೆಗೆ ಫೋನು ಮಾಡಿ, "ಬೀಗತೇರ, ಹುಡುಗರು ಬಂದ್ರೇನ್ರಿ?" ಅಂತ ಕೇಳಿದ್ದಾಳೆ. "ನಿಮ್ಮಲ್ಲಿಗೇ ಬಂದಾರಲ್ರೀ!" ಅಂದಿದ್ದಾರೆ ಅತ್ತೆ. ಆ ಕಡೆಯಿಂದ ಅಪ್ಪ, ಈ ಕಡೆಯಿಂದ ಮಾವ, ಸಿಕ್ಕ ಬಸ್ಸು ಹತ್ತಿ ಮಕ್ತಲ್‌ಗೆ ಬಂದು ನಮ್ಮ ಬೀಗದ ಮುಂದೆ ಕೂಡಿದರು.

ಅವರಿಗೆ ಧೈರ್ಯ ಹೇಳಿದವಳು ಮಾಲಕಿ. ನಾನು ಗದ್ವಾಲಕ್ಕೆ ಹೋಗುವಾಗ ಗದ್ವಾಲದ ಸೀರೆ, ನಾರಾಯಣಪೇಟೆಗೆ ಹೋಗುವಾಗ ನಾರಾಯಣಪೇಟೆಯ ಸೀರೆ ತಪ್ಪದೆ ಉಡುತ್ತೇನೆ. ಇಲ್ಲದಿದ್ದರೆ ಆ ಊರಿನವರು ಬಿಡುವುದಿಲ್ಲ. ಆಕೆ ಇದನ್ನು ಎಂಟು ತಿಂಗಳಿಂದ ನೋಡುತ್ತ ಬಂದಿದ್ದಾಳೆ. "ಇವತ್ತು ಚೂಡಿದಾರ್ ಹಾಕಿಕೊಂಡು ಹೋಗಿದ್ದಾಳೆ. ಅಂದರೆ ನಿಮ್ಮ ಎರಡೂ ಊರಿಗೂ ಹೋಗಿಲ್ಲ, ಆರಾಮಾಗಿ ಕೂತುಕೊಳ್ಳಿ" ಅಂದಳಂತೆ.

ನಾಲ್ಕು ಗಂಟೆಗೆ ನಾವು ಸೀತಾಫಲದ ಬುಟ್ಟಿ ಹಿಡಿದು ಬಂದರೆ, ಮೆಟ್ಟಿಲ ಮೇಲೆ ಅಕ್ಕಪಕ್ಕ ಇಬ್ಬರು ಅಪ್ಪಂದಿರು! ನಮ್ಮವರು ಕೇಳುವ ಮೊದಲೇ ಎಲ್ಲ ಬಾಯಿಬಿಟ್ಟರು. ಇನ್ನು ಬೈಗುಳ ಬೀಳುತ್ತದೆಂದು ನಾನು ತಲೆ ತಗ್ಗಿಸಿದೆ. ಮಾವ ಹಣೆಯ ವಿಭೂತಿ ಅಳಿಸುವ ಹಾಗೆ ಬೆವರು ಒರೆಸಿಕೊಂಡರು. ಗಂಟಲು ಸರಿಮಾಡಿಕೊಂಡು ನಮ್ಮವರನ್ನು ಕೇಳಿದರು.

"ಎಷ್ಟು ಗೇಟ್ ತಗದಾರೋ?"

ಸಿಕ್ಕಿದ ಐತಾರ

ಇಷ್ಟು ಹತ್ತಿರದಲ್ಲಿದ್ದೂ ಆ ನಾಲ್ಕು ಮಂದಿ ಒಂದು ದಿನವೂ ಗೇಟು ತೆಗೆದಾಗ ಜೂರಾಲ ನೋಡಿರಲಿಲ್ಲವಂತೆ. ಮುಂದಿನ ಐತಾರ ತಾವು ನಾಲ್ವರೇ ಹೋಗುವುದೆಂದು ಫೋನಿನಲ್ಲೇ ತೀರ್ಮಾನ ಮಾಡಿದರು. "ನೀವು ನೋಡಿದ್ದಾತಲ್ಲ, ಮನ್ಯಾಗ ಇರ್ರಿ" ಅಂದರು ಅತ್ತೆ. ನಾನು ಫೋನಿಟ್ಟು ಕುಣಿದೆ.

ಆ ಐತಾರ ಎಂಟು ಗಂಟೆಯವರೆಗೆ ಮಲಗಿದೆ. ನಮ್ಮವರು ಚಹಾ ಮಾಡಿಕೊಟ್ಟರು. ಕಾಲು ಚಾಚಿ ಕೂತು, "ಎಷ್ಟು ಆರಾಮ ಐತಲ್ರೀ" ಅಂದೆ. ಅವರು, "ಹೌದು. ಅಲ್ಲಿ ನಮ್ಮವ್ವ ರೊಟ್ಟಿ, ಹಿಂಡಿ ಕಟ್ಟಿಕೊಂಡು ಹೋಗಿರ್ತಾಳ. ನಿಮ್ಮವ್ವ ತೊಕ್ಕು ತಂದಿರ್ತಾಳ. ನಾಲ್ಕೂ ಮಂದಿ ಗಿಡದ ಕೆಳಗ ಕುಂತು..." ಅಂದರು.

ನನ್ನ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು. ಮದುವೆಯಾದ ಮೇಲೆ ಆ ಹಿಂಡಿ, ಆ ತೊಕ್ಕು ಮಾಡಿದವರ ಸಮೇತ ಒಂದೇ ಕಡೆ ಸೇರುವುದು ಅದೇ ಮೊದಲು! ಅತ್ತೆ ತೊಕ್ಕು ನೆಕ್ಕಿದರೆ ಗೊತ್ತಾಗುತ್ತದೆ, ಅವ್ವ ಹಿಂಡಿ ತಿಂದರೆ ಗೊತ್ತಾಗುತ್ತದೆ. ಆರು ತಿಂಗಳ ಹೊಗಳಿಕೆ ಹೊಳೆಪಾಲು. "ಏಳ್ರೀ, ಗಾಡಿ ತಗೀರಿ!" ಅಂದೆ.

"ಎಂಟು ತಿಂಗಳಿಂದ ಬೇಡಿಕೊಂಡ ಐತಾರ..."

"ಹಾಳಾಗಿ ಹೋಗಲಿ, ಏಳ್ರೀ!"

ಡ್ಯಾಮಿನ ಹತ್ತಿರ ಬೇವಿನ ಗಿಡದ ಕೆಳಗೆ ಜಮಖಾನ ಹಾಸಿಕೊಂಡು ನಾಲ್ಕೂ ಮಂದಿ ಕೂತಿದ್ದರು. ಎಲೆಗಳಲ್ಲಿ ರೊಟ್ಟಿ. ನಡುವೆ ಎರಡು ಡಬ್ಬಿ, ಮುಚ್ಚಳ ತೆಗೆದಿತ್ತು. ಅವ್ವ ಅತ್ತೆಯ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಅತ್ತೆ ತೊಡೆ ತಟ್ಟಿಕೊಂಡು ನಗುತ್ತಿದ್ದರು. ನಮ್ಮನ್ನು ನೋಡಿ ಮಾವ ಮುಖ ಗಂಟು ಹಾಕಿಕೊಂಡರು.

"ಏ ತಮ್ಮಾ, ಒಂದ್ ಐತಾರನಾದ್ರೂ ನಮ್ಮನ್ನ ನಮ್ಮಷ್ಟಕ್ಕ ಇರಾಕ ಬಿಡಂಗಿಲ್ಲೇನೋ ನೀವು?"

ನಾನು ಅತ್ತೆಯ ಮುಂದೆ ಕೂತು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಹಿಂಡಿ ನಂದಲ್ಲ, ತೊಕ್ಕು ನಂದಲ್ಲ, ತಪ್ಪಾತು ಅಂದೆ. ಅಳುವೇ ಬಂತು.

"ಇದ್ಯಾತರ ಹೊಸಾ ಸುದ್ದಿ?" ಅಂದರು ಅತ್ತೆ. "ನಾ ಕುಟ್ಟಿದ ಹಿಂಡಿ ನನಗ ತಿಳಿಯಂಗಿಲ್ಲೇನು? ಉಪ್ಪು ಮುಂದಾಗೈತಿ ಅಂದಿದ್ದು ನಿನ್ನ ಮಾರಿ ನೋಡಾಕ. ಒಂದ್ ಮಾತಾದ್ರೂ ಆಡ್ತೀ ಅಂತ ಮಾಡಿದ್ದೆ. ‘ಹೂಂರಿ ಅತ್ತಿ’ ಅಂತ ಗೋಣು ಹಾಕಿದಿ!"

"ನನಗೂ ಮೊದಲನೇ ಡಬ್ಬಿಗೇ ಗೊತ್ತಾತು," ಅಂದಳು ಅವ್ವ. "ನಿನಗ ಶೇಂಗಾ ಹುರಿಯಾಕ ಸುದ್ದಾ ಬರಂಗಿಲ್ಲಲ್ಲ. ಅದಕ್ಕ ಕಣ್ಣಾಗ ನೀರು ಬಂತು."

"ಮತ್ತ ಯಾಕ ಅನ್ನಲಿಲ್ಲ?"

"ಅಂದು ಏನು ಮಾಡೋದವ್ವ?" ಅತ್ತೆ ನಮ್ಮವರ ಕಡೆ ಮರುಕದಿಂದ ನೋಡಿದರು. "ಹಿಂಡಿ ಕುಟ್ಟಾಕ ಬರದವರು ವಾರೆಲ್ಲ ಏನ್ ತಿಂತಾರ ಪಾಪ, ಒಂದಿನನಾದ್ರೂ ಹೊಟ್ಟಿ ತುಂಬ ಉಣ್ಣಲಿ ಅಂತ ನಾ ಒಂದ್ ಐತಾರ, ನಿಮ್ಮವ್ವ ಒಂದ್ ಐತಾರ ಕರದಿವಿ. ನೋಡು, ನನ್ನ ಮಗ ಎಷ್ಟು ಸೊರಗ್ಯಾನ."

ಕಾಂಟಾದ ಮೇಲೆ ಇಪ್ಪತ್ತು ಕೆಜಿ ಏರಿದ್ದ ಮಗ ಹೊಟ್ಟೆ ಒಳಗೆಳೆದುಕೊಂಡು, ಮುಖ ಬಾಡಿಸಿಕೊಂಡು ನಿಂತಿದ್ದರು. ನನಗೆ ಮೈಯೆಲ್ಲ ಉರಿಯಿತು. ನನ್ನ ಆರು ತಿಂಗಳ ಐತಾರಗಳನ್ನು ತಿಂದಿದ್ದು ನನ್ನದೇ ಜಾಣತನ!

"ಹಂಗಾರ ಕಲಿಸ್ರಿ ಅತ್ತಿ," ಅಂದೆ. "ಹಿಂಡಿ ಕಲೀತೀನಿ, ತೊಕ್ಕು ಕಲೀತೀನಿ, ನಿಮ್ಮ ಮಗನಿಗೂ ಕಲಿಸ್ತೀನಿ. ಆಮ್ಯಾಲ ನಮ್ಮ ಐತಾರ ನಮಗ ಬಿಡ್ತೀರಲ್ಲ?"

"ಬಿಡ್ತೀವವ್ವ, ಯಾಕ ಬಿಡಂಗಿಲ್ಲ?" ಅತ್ತೆ ನನ್ನ ತಲೆ ಸವರಿದರು. "ಇಬ್ಬರೂ ಬರ್ರಿ, ಒಳ್ಳಿನ ಮುಂದ ಕುಂದ್ರಿಸಿ ಕಲಿಸ್ತೀನಿ."

"ಯಾವತ್ತು ಬರೂಣ್ರಿ?"

"ಮತ್ತ ಯಾವತ್ತು? ನಿಮಗ ಸೂಟಿ ಇರೂದು ಐತಾರ ಒಂದೇ ಅಲ್ಲೇನು?" ಅಂದರು ಅತ್ತೆ.

ಅವ್ವ ರೊಟ್ಟಿ ಮುರಿಯುತ್ತಾ, "ತೊಕ್ಕು ಕಲಿಯಾಕ ಅದರ ಮುಂದಿನ ಐತಾರ" ಅಂದಳು.